ಬಾಣಂತಿ ನೀರಿಗೆ ಹಳ್ಳದ ಜಾಲಿ

ಅಲ್ಲ, ಗ್ಯಾಸು ಬ್ಯಾಡ ಅಂತ ನಾನೆಲ್ಲಿ ಅಂದೆ? ಸಿಲಿಂಡರ್ ಇರ್ಲಿ, ಚಾ ಅದರ ಮ್ಯಾಲೇ ಕಾಸ್ಕೋರಿ. ಆದ್ರ ಹಿತ್ತಲದಾಗಿನ ಕಟ್ಟಿಗಿ ತೆಗಿ, ಹಾವು ಬರತಾವು ಅಂತೀರಲ್ಲ, ಅದು ಮಾತ್ರ ಆಗಂಗಿಲ್ಲ ನೋಡ್ರಿ. ಚಳಿ ಬರೂದ್ರಾಗ ನನ್ನ ಮನಿ ಹಿಂದ ಕಟ್ಟಿಗಿ ಇರಬೇಕಂದ್ರ ಇರಬೇಕು. ಯಾಕಂದ್ರ, ಕೇಳ್ರಿಲ್ಲಿ, ನಿಮ್ಮಪ್ಪ ಆಗ ನನ್ನ ಹೊಟ್ಟ್ಯಾಗಿದ್ದ. ಚೊಚ್ಚಲ ಬಸುರಿ ನಾನು, ಆರು ತಿಂಗಳು... ಇಲ್ಲ, ಏಳು ಹಿಡಿದಿತ್ತು. ನಮ್ಮವ್ವ ನನ್ನ ಮದುವಿಗೆ ಮೊದ್ಲ ತೀರಿಕೊಂಡಿದ್ಲು. ತವರಿನಾಗ ಇದ್ದೋರು ಅಣ್ಣ, ಅತ್ತಿಗಿ. ಚೊಚ್ಚಲ ಬಾಣಂತನ ತವರಿನೋರು ಮಾಡಬೇಕಲ್ಲ, ಮಾತಾಡಿ ಬರೂಣಂತ ಹೋದೆ. ಅತ್ತಿಗಿ ಒಲಿ ಮುಂದ ಕುಂತಾಕಿ ಮುಖಾನೇ ಎತ್ತಲಿಲ್ಲ. ‘ಪುಷ್ಯದ ಚಳಿಯಾಗ ಹಡೀತೀಯವ್ವ. ಎರಡು ಹೊತ್ತೂ ಹಂಡೆ ನೀರು ಕಾಸಬೇಕು. ನಮ್ಮನ್ಯಾಗ ಅಷ್ಟು ಕಟ್ಟಿಗಿ ಎಲ್ಲೈತಿ?’ ಅಂದ್ಲು. ಅಣ್ಣ ಅಲ್ಲೇ ಹಗ್ಗ ಹೊಸೀತಿದ್ದ, ಹೊಸೀತಾನೇ ಇದ್ದ. ಅಳ್ಕೋತ ಬಂದೆ ಅನ್ಕೊಂಡ್ರೇನು? ಬಸ್ಸಿನಾಗ ಒಂದೀಟು ಅತ್ತೆ, ಸುಳ್ಳ್ಯಾಕ ಹೇಳ್ಲಿ. ಊರಾಗ ಇಳಿಯೂದ್ರಾಗ ಸಿಟ್ಟು ಬಂದಿತ್ತು. ನಮ್ಮತ್ತಿ ಹೊಸ್ತಿಲದಾಗೇ ಕುಂತಿದ್ಲು. ‘ತವರಿಗೆ ಹೋಗದ ಇಲ್ಲೇ ಹಡೆದ್ರ ಊರು ನಗತೈತಿ,’ ಅಂದ್ಲು. ‘ನಗ್ಲಿ. ನಕ್ಕೋರು ನೀರು ಕಾಸಿ ಕೊಡ್ತಾರೇನು? ನನ್ನ ಕಟ್ಟಿಗಿ ನಾನೇ ಕೂಡಿಸ್ತೀನಿ,’ ಅಂದೆ. ಆಕಿ ಮಾತು ಬಿಟ್ಲು ನನ್ನ ಕೂಡ.

ನಿಮ್ಮ ತಾತ ಆಗ ಆದವಾನಿ ಊರಾಗ ಹತ್ತಿ ಜಿನ್ನಿನ ಮಿಲ್ಲಿನಾಗ ದುಡೀತಿದ್ದ, ಸೀಜನ್ನು, ಮನಿಗೆ ಬರಾಕ ಬಿಡ್ತಿದ್ದಿಲ್ಲ. ಅವನ ಕೊಡ್ಲಿ ತಗೊಂಡು ಹಳ್ಳದ ದಂಡಿಗೆ ಹೋದೆ. ಅಲ್ಲಿ ಜಾಲಿ ಅಂದ್ರ ಜಾಲಿ, ಯಾರೂ ನೆಟ್ಟಿದ್ದಲ್ಲ, ತಾನೇ ಬೆಳೆದಿದ್ದು. ದಿನಾ ಒಂದೊಂದು ಹೊರಿ ಕಡಿದು ತರ್ತಿದ್ದೆ. ಕೈತುಂಬ ಮುಳ್ಳು. ಪಕ್ಕದ ಹೊಲದ ತೆಲುಗು ಸಾವ್ಕಾರ ಆ ಜಾಲಿ ಸುಟ್ಟು ಇದ್ದಲಿ ಮಾರಾಕ ಕಣ್ಣು ಹಾಕಿದ್ನಂತ. ಒಂದಿನ ಗಾಡಿ ಕಟ್ಕೊಂಡು ತಾನೇ ಬಂದ. ‘ಏಯ್, ಗೊಡ್ಡಲಿ ಕಿಂದ ಪೆಟ್ಟು!’ ಅಂದ. ಕೊಡ್ಲಿ ಕೆಳಗ ಇಡಬೇಕಂತ! ನಾನು ಇಡಲಿಲ್ಲ, ಅವನೇ ಕಸ್ಗೊಂಡ. ‘ಕಡುಪುತೋ ಉನ್ನಾವ್, ಬಸುರಿ ಹೆಣ್ಣು, ಇಂಟಿಕಿ ಪೋ, ಮನಿಗೆ ಹೋಗು’ ಅಂದ, ದೊಡ್ಡ ಕರುಣಿ ಅವಂದು. ನಾನು ಕಡಿದ ಹೊರಿ ಮ್ಯಾಲೆ ಕುಂತುಬಿಟ್ಟೆ. ‘ಹಳ್ಳ ಊರಿಂದ್ರಿ, ಸಾವ್ಕಾರ್ರ. ನಿಮ್ಮ ಪಟ್ಟಾದಾಗ ಇದ್ರ ಊರ ಮುಂದ ತೋರಸ್ರಿ, ಎದ್ದು ಹೋಗ್ತೀನಿ. ಇಲ್ಲಂದ್ರ ಕೊಡ್ಲಿ ಕೊಡ್ರಿ.’ ಅವ ಕೊಡವಲ್ಲ, ನಾನು ಏಳವಲ್ಲೆ. ಬಿಸಲು ನೆತ್ತಿಗೇರಿತು, ಬಾಯಿ ಒಣಗಿತು, ಒಳಗ ನಿಮ್ಮಪ್ಪ ಒದೀತಾನ. ಕಳೆ ತೆಗಿಯಾಕ ಬಂದಿದ್ದ ಹೆಣ್ಮಕ್ಕಳು ನೋಡಿದ್ರು, ಒಬ್ಬಾಕಿ ಬಂದು ಬಾಜೂಕ ಕುಂತ್ಲು, ಮತ್ತೊಬ್ಬಾಕಿ ಬಂದ್ಲು. ಯಾರು ಹೋಗಿ ಹೇಳಿದ್ರೋ, ದಾರ್ಯಾಗ ನಮ್ಮತ್ತಿ ಸೆರಗು ಸಿಗಿಸ್ಕೊಂಡು ದಬದಬ ಬರಾಕತ್ತಿದ್ಲು. ಮುಗೀತು, ಎಲ್ಲರ ಮುಂದ ನನ್ನೇ ಬೈತಾಳ ಅನ್ಕೊಂಡೆ. ಆಕಿ ನನ್ನ ಕಡೆ ನೋಡ್ಲೂ ಇಲ್ಲ! ಸೀದಾ ಸಾವ್ಕಾರನ ಮುಂದ ನಿಂತು, ‘ನನ್ನ ಸೊಸಿ ಕೊಡ್ಲಿ ತಾ! ಈ ದಂಡ್ಯಾಗ ನಮ್ಮತ್ತಿ ಕಡಿದಾಳ, ನಾನು ಕಡಿದೀನಿ. ನೀ ಯಾವಾಗ ಬಂದ್ಯೋ?’ ಅಂತ ಅವನ ಕೈಯಾಗಿಂದ ಕಿತ್ಕೊಂಡ್ಲು. ಅಷ್ಟು ಹೆಣ್ಮಕ್ಕಳ ಮುಂದ ಅವ ಏನ್ ಮಾಡ್ಯಾನು? ಏನೋ ಗೊಣಗಿಕೋತ ಗಾಡಿ ಹತ್ತಿ ಹೋದ. ನಮ್ಮತ್ತಿ ಆಮ್ಯಾಲೆ ನನ್ನ ಕಡೆ ತಿರುಗಿ, ‘ಏಳು, ನಾ ಕಡೀತೀನಿ, ನೀ ಹೊರಿ ಕಟ್ಟು ಸಾಕು,’ ಅಂದ್ಲು. ಅಷ್ಟ ದಿನದ ಮ್ಯಾಲೆ ಆಡಿದ ಮಾತು ಅದು.

ಪುಷ್ಯದಾಗ ನಿಮ್ಮಪ್ಪ ಹುಟ್ಟಿದ. ಅಂಥಾ ಚಳಿ ನಾ ಮತ್ತ ನೋಡಿಲ್ಲ. ಎರಡು ಹೊತ್ತೂ ಹಂಡೆ ತುಂಬ ಸುಡುಸುಡು ನೀರು, ನಮ್ಮತ್ತಿ ತಾನೇ ಎರೀತಿದ್ಲು, ಬೆನ್ನು ಕೆಂಪಾಗೂವಂಗ. ಯಾರ ಮನಿಗೂ ಒಂದು ಚಕ್ಕಿ ಕಟ್ಟಿಗಿ ಕೇಳಾಕ ಹೋಗಲಿಲ್ಲ ನಾವು. ಅದಕ್ಕ ಹೇಳೂದು, ಮನ್ಯಾಗ ಬಸುರಿ ಇದ್ರ ಮೊದ್ಲು ಆಕಿ ಬಿಸಿನೀರಿನ ದಾರಿ ನೋಡ್ರಿ, ಕೂಸಿಗೆ ಹೆಸರು ಆಮ್ಯಾಲೆ ಹುಡಕ್ರಿ.