ಮಾದಪ್ಪನ ಹೆಸರಿಗೆ ಕೊಟ್ಟ ಮುಡಿ

ಮಂಡ್ಯದಿಂದ ಮಳವಳ್ಳಿಗೆ ಹೊರಟ ಬಸ್ಸಿನಲ್ಲಿ ಚಂದನಳ ಮುಂದಿನ ಸೀಟಿಗೆ ಗಂಡ ಹೆಂಡತಿ ಬಂದು ಕೂತರು. ಹೆಂಡತಿ ಬೋಳುತಲೆಗೆ ಸೆರಗು ಬಿಗಿದಿದ್ದಳು. ಗಂಡನ ಕೈಯಲ್ಲಿ ಆಸ್ಪತ್ರೆಯ ಕವರಿತ್ತು. ಚಂದನ ಫೋನು ನೋಡುವುದನ್ನು ಬಿಟ್ಟಳು.

"ನರ್ಸಮ್ಮ ಏಳಿದ್ದು ಕೇಳುಸ್ಕಂಡ್ಯಾ?" ಎಂದಳು ಹೆಂಡತಿ. "ತಣ್ಣಗಿರೋದ ಒಸಿಒಸಿಯಾಗಿ ತಿನ್ನಬೇಕಂತೆ. ವಗ್ಗರಣೆ ವಾಸ್ನೆಗೆ ವಾಂತಿ ಬಂದ್ರೆ ಅಡ್ಗೆ ಬೇರೆಯೋರು ಮಾಡ್ಬೇಕಂತೆ."

"ಅವ್ವಂಗೆ ಏಳ್ತೀನಿ ಬುಡು."

"ಏನಂತ ಏಳೀಯೆ? ತಲೆ ಬೋಳುಸ್ದಾಗ ನೀನೇ, ಮಾದಪ್ಪಂಗೆ ಮುಡಿ ಕೊಟ್ಳು ಅಂದ್ಬುಟ್ಟೆ."

"ಕ್ಯಾನ್ಸರ್ ಅಂದ್ರೆ ಅವ್ವ ಎದೆ ಒಡ್ಕತಳೆ ಕಣಮ್ಮಿ."

"ಮಾದಪ್ಪನ ಬೆಟ್ಟ ಅತ್ತುದೋಳ್ಗೆ ಒಂದು ವಗ್ಗರಣೆ ಆಕಕ್ಕಾಗಲ್ವಾ ಅಂತಾಳೆ ನಿಮ್ಮವ್ವ."

"ಇನ್ನೆರಡೇ ಕೀಮೋ. ತಡ್ಕೊ."

"ದೇವ್ರಿಗೆ ಕೊಟ್ಟ ಕೂದ್ಲು ಮೂರು ತಿಂಗ್ಳಾದ್ರೂ ಯಾಕೆ ಬರ್ನಿಲ್ಲ ಅಂತ ನೆನ್ನೆ ಕೇಳುದ್ಲು."

"ನೀನೇನಂದೆ?"

"ಅತ್ತೆ, ನಿನ್ ಮಗನ್ನೇ ಕೇಳು ಅಂದೆ."

ಅವರ ಊರು ಬಂತು. ಗಂಡ ಎದ್ದು, ಊರವರಿಗೆ ಕಾಣದಂತೆ ಆಸ್ಪತ್ರೆಯ ಕವರನ್ನು ಬಟ್ಟೆ ಚೀಲದೊಳಗೆ ತುರುಕಿದ. ಆಕೆ ಅದನ್ನು ಹೊರಗೆಳೆದು, ನಾಲ್ಕು ಜನಕ್ಕೆ ಕಾಣುವ ಹಾಗೆ ಎದೆಗೆ ಹಿಡಿದುಕೊಂಡು, ಅವನಿಗಿಂತ ಮುಂಚೆ ಇಳಿದಳು.