ಮಡಿಕೆ ಬಿಚ್ಚಿದ ಮದ್ದು

ಯಾಕ ನಗ್ತಿ, ಮರುಳಸಿದ್ದಿ? ಗಂಡನ ಬೋಳುತಲಿ ಇವತ್ತ ನೋಡಿದ್ಯೇನು? ರುಮಾಲು ಸುಮ್ನ ಬಿಚ್ಚಿಲ್ಲ. ದಿನಾ ಸೂಜಿ ಚುಚ್ಚಿದ್ರೂ ನಿನ್ನ ಸಕ್ರಿ ಯಾಕ ಇಳೀಲಿಲ್ಲ ಅಂತ ಡಾಕ್ಟ್ರಮ್ಮ ಹೇಳ್ಯಾಳ. ಕುಂದ್ರು, ತೋರಸ್ತೀನಿ.

ಹೂಂ... ಬೈದೆ. ಹದಿನೈದು ದಿನ ಬೈದೆ. ಕದ್ದು ಬೆಲ್ಲ ತಿಂತಿ ಅಂತ ಸೊಸಿ ಮುಂದ ನಿನ್ನ ಉಡಿ ಜಾಡಿಸಿದೆ. ಬರೇ ಎಲಿ ಅಡಿಕಿ ಬಿತ್ತು. ಈಗ ಕೇಳು.

ಇನ್ಸುಲಿನ್ ಅಂದ್ರ ಪ್ರೋಟೀನು. ಸಣ್ಣ ಸಣ್ಣ ಮಣಿ ಪೋಣಿಸಿದ ಸರ ಇದ್ದಂಗ. ಕಣ್ಣಿಗೆ ಕಾಣಲ್ಲ. ಕಾಣಲ್ಲ ಅಂದ್ರ ಇಲ್ಲ ಅಂತಲ್ಲ! ಆ ಸರ ತಾನ ಸುತ್ತಿ, ಮಡಚಿ, ಒಂದು ಆಕಾರಕ್ಕ ಬರತೈತಿ. ನೋಡು, ಈ ರುಮಾಲು. ಸುತ್ತಿದ್ರ ತಲಿ ಮ್ಯಾಲ ಕುಂದರತೈತಿ. ಬಿಚ್ಚಿದ್ರ? ಅದ ಬಟ್ಟಿ, ಒಂದು ನೂಲೂ ಕಡಿಮಿ ಇಲ್ಲ. ಆದ್ರ... ಥೂ, ಮೂಗಿನ ಮ್ಯಾಲ ಬಿತ್ತು. ನಗು, ನಗು.

ಮೈಯಾಗ ಆ ಮದ್ದಿಗೆ ಒಂದು ಜಾಗ ಐತಂತ. ಆಕಾರ ಸರಿ ಇದ್ರ ಅಲ್ಲಿ ಹೋಗಿ ಕುಂದರತೈತಿ, ರಕ್ತದಾಗಿನ ಸಕ್ರಿಗೆ ಬಾಗಿಲು ತೆಗೀತೈತಿ. ಮಡಿಕಿ ಬಿಚ್ಚಿದ್ರ ಮುಗೀತು. ನಾನು ಚುಚ್ಚಿದ್ದು ಬರೇ ನೀರು. ಸೀಸ್ಯಾಗ ನೋಡು, ಒಡದ ಹಾಲಿನಂಗ ಚೂರು ತೇಲ್ತಾವ.

ಯಾಕ ಬಿಚ್ಚಿತು? ಬಿಸಿ ತಾಗೇತಂತ. ಎಲ್ಲಿ ಅಂದ್ರ... ಅಂಗಡಿಯಾಗ ತಾಗಿರಬೇಕು. ಇಲ್ಲಾ, ಬಸ್ಸಿನಾಗ. ಬ್ಯಾಸಗಿ ಅಲ್ಲೇನು!

ಗಡಿಗಿ ಯಾಕ ತೋರಸ್ತಿ? ಗೊತ್ತೈತಿ. ತಂದ ದಿನದಿಂದ ಸೀಸಿ ಅದರಾಗ ಐತಿ. ನೀನ ಹಸಿ ಬಟ್ಟಿ ಸುತ್ತಿ, ತಣ್ಣಗ ಇಟ್ಟೀದಿ. ಮೊದಲ್ನೇ ದಿನ ಮದ್ದು ತಿಳೀನೂ ಇತ್ತು. ನಾನೂ ನೋಡೀನಿ.

ಬೈಯಿ ಬೇಕಾದ್ರ. ಹಂಗ ನೋಡಬ್ಯಾಡ.

ಆತು! ನಾನ. ದಿನಾ ಮುಂಜಾನಿ ಸೀಸಿ ಒಯ್ದು ಬಚ್ಚಲದ ಹಂಡೇದಾಗ, ಕುದಿಯೋ ನೀರಾಗ, ಅದ್ದತಿದ್ದೆ. ಯಾಕ ಅಂದ್ರ... ಮೊದಲ್ನೇ ಸೂಜಿಗೆ 'ಥಣ್ಣಗ ಕೊರೀತೈತಿ' ಅಂತ ಮುಖ ಕಿವುಚಿದ್ದಿ. ನೋಡಾಕ ಆಗ್ಲಿಲ್ಲ. ಅಷ್ಟ.

ಕೈ ಬಿಡು. ಎಲ್ಲಿಗೂ ಓಡಲ್ಲ. ಇದೊಂದು ಮಾತು ಸೊಸಿಗೂ ಹೇಳಬೇಕು.

ಏ ಸಂಗೀತಾ! ಬಾಯವ್ವ ಇಲ್ಲಿ. ನಿಮ್ಮತ್ತಿ ಬೆಲ್ಲ ಮುಟ್ಟಿಲ್ಲ.