ತಾಳಣ್ಣನ ಗುಂಡು ಮೂಲೆ

ಇಲ್ಲಿ ಸೇರಿರುವ ಎಲ್ಲರಿಗೂ, ಅತ್ತಿಗೆಯವರಿಗೆ, ಮಗಳಿಗೆ, ಅಳಿಯಂದಿರಿಗೆ ನನ್ನ ನಮಸ್ಕಾರ. ಕೇಳಿದ ತಕ್ಷಣ ಈ ಕೋಣೆಯನ್ನು ಬಿಟ್ಟುಕೊಟ್ಟ ಪುಸ್ತಕದಂಗಡಿಯ ಯಜಮಾನಿಯವರಿಗೂ ನಮಸ್ಕಾರ. ಉಳಿ ಹಿಡಿದು ಗೊತ್ತು, ಮೈಕು ಹಿಡಿದು ಗೊತ್ತಿಲ್ಲ. ಹೆಚ್ಚುಕಡಿಮೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮನ್ನು ಬಿಟ್ಟು ಹೋದವರು ನಮ್ಮ ಹಿರಿಯ ಬಡಗಿ. ನಾನು ಅವರ ಜೊತೆ ಒಂದೇ ಬೆಂಚಿನಲ್ಲಿ ಕೆಲಸ ಮಾಡಿದವನು. 'ಅವರು' ಅಂದರೆ ಅವನಿಗೇ ನಗು ಬರುತ್ತಿತ್ತು, ಆದ್ದರಿಂದ 'ಅವನು' ಅನ್ನುತ್ತೇನೆ. ಹೆಸರು ಹಿಡಿದು ಕರೆದವರು ಕಡಿಮೆ. ನಮಗೆಲ್ಲ ಅವನು ತಾಳಣ್ಣ. ಯಾಕೆ ಅಂತ ನಿಮಗೇ ಗೊತ್ತು. ಅಂಟು ಒಣಗಿತಾ? "ತಾಳಣ್ಣ, ತಾಳು." ಊಟಕ್ಕೆ ಬರ್ತೀಯಾ? "ತಾಳಣ್ಣ." ಒಂದು ಸಲ ಅತ್ತಿಗೆಯವರು ಫೋನ್ ಮಾಡಿದಾಗಲೂ ಬಾಯಿ ತಪ್ಪಿ "ತಾಳಣ್ಣ" ಅಂದುಬಿಟ್ಟ! "ಅಣ್ಣ ಅಲ್ಲ ರೀ, ನಾನು" ಅಂದರು ಇವರು. ಹೌದಲ್ಲವಾ ಅತ್ತಿಗೆ?

ಕೆಲವರು ಆಗಲೇ ಮೇಲೆ ನೋಡುತ್ತಿದ್ದೀರಿ. ಬೇಡ — ಈಗಲೇ ನೋಡಬೇಡಿ. ಅದಕ್ಕೂ ಹೊತ್ತು ಬರುತ್ತದೆ.

ಈ ಕೋಣೆಯ ಎರಡು ಗೋಡೆಗಳು ಅಲ್ಲಿ, ಆ ತುದಿಯಲ್ಲಿ, ಚೂಪಾಗಿ ಕೂಡುವುದಿಲ್ಲ. ದುಂಡಗೆ ತಿರುಗುತ್ತವೆ. ಮಕ್ಕಳು ಕೂತು ಓದುವ ಜಾಗ ಅದು, ತಲೆಯ ಮೇಲೆ ಮರದ ಅಲಂಕಾರ ಇರಲಿ ಅಂತ ಯಜಮಾನಿಯವರ ಆಸೆ. ತಾಳಣ್ಣ ಬಂದು ನೋಡಿ ಹೇಳಿದ್ದೇನು ಗೊತ್ತೆ? "ಈ ಕೋಣೇಲಿ ಯಾರೂ ಮೂಲೆಗುಂಪಾಗಲ್ಲ ಕಣೋ. ಮೂಲೆನೇ ಇಲ್ವಲ್ಲ!"

ತೇಗದ ಪಟ್ಟಿಗಳನ್ನು ಬಗ್ಗಿಸಿ, ಒಂದರ ಒಳಗೊಂದು ಕೂರಿಸುತ್ತ ಬರುವುದು ಅವನ ಲೆಕ್ಕಾಚಾರ. ಒಳಗೆ ಬಂದಷ್ಟೂ ಪಟ್ಟಿ ಚಿಕ್ಕದು, ಬಾಗು ಹೆಚ್ಚು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾನು ಅಂದರೆ, "ಆ ಗಾದೆ ಕಟ್ಟಿದೋನು ಬಡಗಿ ಅಲ್ಲ ಬಿಡು" ಅಂತಿದ್ದ. ಹಬೆಯಲ್ಲಿಟ್ಟು ಮೆತ್ತಗೆ ಮಾಡುವುದು, ಅಚ್ಚಿಗೆ ಬಿಗಿಯುವುದು, ಆಮೇಲೆ ಕಾಯುವುದು. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಇನ್ನೂ ಒಪ್ಪಿಲ್ಲ" ಅನ್ನುತ್ತಿದ್ದ. ಬಿಗಿ ಬೇಗ ಬಿಡಿಸಿದರೆ ಮರ ಹಟ ಮಾಡಿ ನೆಟ್ಟಗಾಗುತ್ತದೆ. ನಮಗೂ ತಟ್ಟಿ ತೋರಿಸಿದ. ನಮ್ಮ ಕಿವಿಗೆ ಅದು ಬರೀ ಟಕ್ ಟಕ್.

ಇನ್ನೊಂದು ಅಭ್ಯಾಸ ಅವನಿಗೆ. ಪಟ್ಟಿ ಕೂರಿಸಿದ ಮೇಲೆ ಏಣಿ ಇಳಿದು, ನೆಲದ ಮೇಲೆ ಅಂಗಾತ ಮಲಗಿಬಿಡುತ್ತಿದ್ದ — ಹೀಗೆ, ಕೈ ಎದೆಯ ಮೇಲೆ. ಮಕ್ಕಳು ಮಲಗಿಕೊಂಡು ನೋಡುವ ಸೂರನ್ನು ನಿಂತು ನೋಡಿದರೆ ಏನು ತಿಳಿಯುತ್ತದೆ ಅನ್ನುವುದು ಅವನ ವಾದ. ಮೊದಲನೆಯ ಸಲ ಕಾವಲುಗಾರ ಹೆದರಿ ಕಿರುಚಿದ. ಇವನು ಕಣ್ಣು ಕೂಡ ಹೊರಳಿಸದೆ, "ತಾಳಣ್ಣ. ಸತ್ತಿಲ್ಲ. ಸೂರು ನೋಡ್ತಿದ್ದೀನಿ" ಅಂದ. ಆ ಮಾತನ್ನು ಆಡಿಕೊಂಡು ನಾವು ಎಷ್ಟು ನಕ್ಕಿದ್ದೇವೆ!

ಆಮೇಲೆ — ಆ ದಿನ.

ಕೊನೆಯ ಪಟ್ಟಿ ಒಂದು ಅಚ್ಚಿನಲ್ಲಿತ್ತು, ಉಳಿದದ್ದೆಲ್ಲ ಮೇಲೆ ಏರಿತ್ತು. ನಾನೂ ಪಾಲಿಶಿನವನೂ ಒಳಗೆ ಬಂದಾಗ ತಾಳಣ್ಣ ಮಲಗಿದ್ದ. ಅದೇ ಜಾಗ, ಕೈ ಎದೆಯ ಮೇಲೆ, ಕಣ್ಣು ತೆರೆದೇ ಇತ್ತು. ಪಾಲಿಶಿನವನು ಮೆಲ್ಲಗೆ ಅಂದ, "ಸದ್ದು ಮಾಡಬೇಡ. ನೋಡ್ತಿದ್ದಾನೆ."

ನಾವು ಗರಗಸದ ಮೆಷಿನ್ ಆಫ್ ಮಾಡಿದೆವು. ಅವನಿಗೆ ತೊಂದರೆ ಆಗಬಾರದು ಅಂತ ಬಾಗಿಲು ಎಳೆದುಕೊಂಡು ಹೋಗಿ ಟೀ ಕುಡಿದೆವು. ಅವನಿಗೂ ಒಂದು ಲೋಟ ತಂದೆವು. "ಏಳಣ್ಣ, ಆರೋಗುತ್ತೆ" ಅಂದೆ. ತಾಳು ಅಂತಲೂ ಅನ್ನಲಿಲ್ಲ.

ಸ್ವಲ್ಪ ಮುಂಚೆ ಕರೆತಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು. ಬೇರೆ ಯಾರು ಬಂದಿದ್ದರೂ ಕೂಗಿಕೊಳ್ಳುತ್ತಿದ್ದರು. ಅವನನ್ನು ಬಲ್ಲವರಾದ್ದರಿಂದ ನಾವು ಕೂಗಲಿಲ್ಲ. ಪಾಲಿಶಿನವನು ಅಲ್ಲಿ, ಕಂಬದ ಹಿಂದೆ ಕೂತಿದ್ದಾನೆ. ಆವತ್ತಿನಿಂದ ಅವನು ಬ್ರಶ್ ಮುಟ್ಟಿಲ್ಲ. ಅವನಿಗೆ ಏನು ಹೇಳಲಿ? ನನಗೇ ಹೇಳಿಕೊಳ್ಳಲು ಏನೂ ಇಲ್ಲ.

ತಾಳಿದವನು ಬಾಳಿಯಾನು ಅನ್ನುತ್ತಾರೆ. ಇವನಷ್ಟು ತಾಳಿದವನನ್ನು ನಾನು ಕಾಣೆ.

ಅತ್ತಿಗೆ, ಎಲ್ಲ ಮುಗಿದು ಮನೆಗೆ ಬಂದ ದಿನ ನೀವು ನನ್ನನ್ನು ಒಂದೇ ಮಾತು ಕೇಳಿದಿರಿ. "ಅದೊಂದು ಪಟ್ಟಿ ನೀವು ಕೂರಿಸ್ತೀರಲ್ವಾ?" ನಾನು ತಲೆಯಾಡಿಸಿದೆ. ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ. ಮುಗಿದ ಮೇಲೇ ಕರೆದುಕೊಂಡು ಬಂದು ತೋರಿಸುತ್ತೇನೆ ಅಂದಿದ್ದನಂತೆ ನಿಮಗೆ. ಅದಕ್ಕೇ ಇವತ್ತು ಒಳಗೆ ಬಂದಾಗಿನಿಂದ ನೀವು ಒಂದು ಸಲವೂ ತಲೆ ಎತ್ತಿಲ್ಲ. ನಾನು ಗಮನಿಸಿದ್ದೇನೆ.

ಉತ್ತರ ಎಲ್ಲರ ಮುಂದೆ ಹೇಳುತ್ತೇನೆ. ಆಗಲ್ಲ ಅತ್ತಿಗೆ. ಅಚ್ಚಿನಲ್ಲಿದ್ದ ಪಟ್ಟಿಯನ್ನು ತಟ್ಟಿ ನೋಡಿದೆ, ಕಾದೆ, ಮತ್ತೆ ತಟ್ಟಿದೆ. ಒಪ್ಪಿದೆ ಅನ್ನಿಸಿತು. ಬಿಗಿ ಬಿಡಿಸಿದೆ. ನನ್ನ ಕಣ್ಣೆದುರೇ ನೆಟ್ಟಗಾಯಿತು — ಗೆರೆ ಎಳೆದ ಹಾಗೆ. ಇನ್ನೊಮ್ಮೆ ಬಗ್ಗಿಸಿದರೆ ಸೀಳಿತು. ಬೇರೆ ಮರ ತಂದೆ, ಅದೂ ಸೀಳಿತು. ಆ ಒಂದು ಪಟ್ಟಿ ಬಿಗಿದು ಹಿಡಿಯದೆ ಉಳಿದವು ನಿಲ್ಲುವುದಿಲ್ಲ, ಈಗಾಗಲೇ ಜೋಲುತ್ತಿವೆ. ಕೆಳಗೆ ಮಕ್ಕಳು ಕೂರುವ ಜಾಗ. ಯಜಮಾನಿಯವರು ಕಾಯುವಷ್ಟು ಕಾದರು, ಅವರ ಮೇಲೆ ಒಂದು ಮಾತೂ ಇಲ್ಲ. ನಾಳೆ ಬೆಳಿಗ್ಗೆ ಇದನ್ನು ಇಳಿಸಿ ಬಿಳಿ ಶೀಟು ಹೊಡೆಯುತ್ತಾರೆ. ಇಳಿಸುವವನು ನಾನೇ.

ಹೋದವರ ಕೆಲಸ ಉಳಿಯುತ್ತದೆ ಅಂತ ಇಂಥ ಸಭೆಗಳಲ್ಲಿ ಹೇಳುತ್ತಾರೆ. ನಾನೂ ಹಿಂದೆ ಬೇರೆಯವರಿಗೆ ಹೇಳಿದ್ದೇನೆ. ಇವತ್ತು ಬಾಯಿ ಬರುತ್ತಿಲ್ಲ. ಉಳಿಯುವುದಿಲ್ಲ.

ಇರುವುದು ಈ ಹೊತ್ತು ಮಾತ್ರ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೌನಕ್ಕೆ ತಲೆ ತಗ್ಗಿಸುವುದು ರೂಢಿ. ಇಲ್ಲಿ ಬೇಡ. ತಲೆ ಎತ್ತಿ, ಆ ಮೂಲೆ ನೋಡಿ. ಅತ್ತಿಗೆ, ನೀವೂ ನೋಡಿ. ಅವನು ತೋರಿಸಬೇಕಾಗಿತ್ತು, ನಾನು ತೋರಿಸುತ್ತಿದ್ದೇನೆ. ನಡುವೆ ಒಂದು ಪಟ್ಟಿಯಷ್ಟು ಕತ್ತಲೆ ಇದೆಯಲ್ಲ — ಅಲ್ಲಿ.

ಯಾರೂ ಮಾತಾಡಬೇಡಿ. ಒಂದು ನಿಮಿಷ — ತಾಳಿ.